‘ಅತಿಥಿ’ ಎಂಬ ಪದದ ಮೇಲೆ ನನ್ನ ತಕರಾರು



ಮೂವತ್ತಕ್ಕೂ ಹೆಚ್ಚು ವರ್ಷ ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಹೇಳಿದವನಿಗೆ ಪದಗಳ ವಿಷಯದಲ್ಲಿ ಒಂದಿಷ್ಟು ಹಠ ಉಳಿದೇ ಇರುತ್ತದೆ. ಪದವೊಂದನ್ನು ಅದರ ಅರ್ಥಕ್ಕೆ ವಿರುದ್ಧವಾಗಿ ಬಳಸಿದಾಗ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುವುದು ನನ್ನ ವೃತ್ತಿಯಾಗಿತ್ತು. ನಿವೃತ್ತನಾದ ಮೇಲೆ ಆ ಲೇಖನಿಯನ್ನು ಒಳಗಿಟ್ಟಿದ್ದೆ. ಆದರೆ ಪ್ರತಿ ವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಶಿಕ್ಷಣ ಇಲಾಖೆಯ ಆದೇಶದಲ್ಲಿ ತಪ್ಪದೆ ಕಾಣಿಸಿಕೊಳ್ಳುವ ಒಂದು ಪದದ ಕೆಳಗೆ ಗೆರೆ ಎಳೆಯದೆ ಸುಮ್ಮನಿರಲಾರೆ. ಆ ಪದ ‘ಅತಿಥಿ ಶಿಕ್ಷಕ’.

ಅತಿಥಿ ಎಂದರೆ ತಿಥಿ ಗೊತ್ತುಪಡಿಸದೆ ಬರುವವನು ಎಂದು ನಿಮಗೆಲ್ಲ ಎಂಟನೆಯ ತರಗತಿಯಲ್ಲಿಯೇ ಹೇಳಿಕೊಟ್ಟಿದ್ದೇನೆ. ನಮ್ಮ ಸೀಮೆಯಲ್ಲಿ ನೆಂಟರು ಬಂದರೆ ಮೊದಲು ಕಾಲಿಗೆ ನೀರು ಕೊಡುತ್ತೇವೆ. ಮನೆಯವರಿಗೆ ಮುದ್ದೆ, ಬಸ್ಸಾರಿದ್ದರೂ ಅವರಿಗೆಂದು ಒಂದು ಪಾವು ಅಕ್ಕಿ ಬೇಯಿಸುತ್ತೇವೆ. ಬಂದ ನೆಂಟನನ್ನು ಗದ್ದೆಗಿಳಿಸಿ ದಿನವಿಡೀ ನಾಟಿ ಹಾಕಿಸಿ, ಸಂಜೆ ಆಳಿಗಿಂತ ಕಡಿಮೆ ಕೂಲಿ ಕೊಟ್ಟು, ಅದನ್ನೂ ಆರು ತಿಂಗಳು ತಡಮಾಡಿ ಕೊಡುವ ಮನೆಯನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ನಮ್ಮ ಸರ್ಕಾರವೊಂದೇ ಅದನ್ನು ಮಾಡುತ್ತಿದೆ. ಅದು ಕರೆಯುವ ಅತಿಥಿ ಜೂನ್‌ನಲ್ಲಿ ಬರುತ್ತಾನೆ, ಮಾರ್ಚ್‌ನಲ್ಲಿ ಹೋಗುತ್ತಾನೆ. ಬರುವ ತಿಥಿಯೂ ಗೊತ್ತು, ಹೋಗುವ ತಿಥಿಯೂ ಗೊತ್ತು. ಗೊತ್ತಿಲ್ಲದಿರುವುದು ಸಂಬಳದ ತಿಥಿಯೊಂದೇ.

ಸಂಬಳ ಎಂದೆನೇ? ಅದೂ ತಪ್ಪು. ಆದೇಶದಲ್ಲಿರುವ ಪದ ‘ಗೌರವಧನ’. ಸಂಬಳ ಎಂದು ಬರೆದರೆ ಅದರ ಹಿಂದೆ ವೇತನಶ್ರೇಣಿ, ತುಟ್ಟಿಭತ್ಯೆ, ವಾರ್ಷಿಕ ಬಡ್ತಿ, ರಜೆ, ಪಿಂಚಣಿ ಎಲ್ಲವೂ ಸಾಲುಗಟ್ಟಿ ನಿಲ್ಲುತ್ತವೆ. ಗೌರವಧನ ಎಂದು ಬರೆದರೆ ಹಿಂದೆ ಯಾರೂ ನಿಲ್ಲುವುದಿಲ್ಲ. ಎರಡು ಸಂಸ್ಕೃತ ಪದಗಳಿಂದ ಒಬ್ಬ ಬಿ.ಎಡ್. ಪದವೀಧರನ ಎಲ್ಲ ಹಕ್ಕುಗಳನ್ನೂ ಅಳಿಸಿಹಾಕಬಹುದೆಂಬುದು ನಾನು ವ್ಯಾಕರಣ ಕಲಿಯುವಾಗ ಯಾರೂ ಹೇಳಿರಲಿಲ್ಲ.

ಈಗ ಅಂಕಿಗಳಿಗೆ ಬರೋಣ. 2025–26ನೆಯ ಶೈಕ್ಷಣಿಕ ವರ್ಷಕ್ಕೆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ 40,000 ಮತ್ತು ಪ್ರೌಢಶಾಲೆಗಳಿಗೆ 11,000, ಒಟ್ಟು 51,000 ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಲು ಸರ್ಕಾರ ಅನುಮತಿ ನೀಡಿತು. ಗೌರವಧನ 2022ರಲ್ಲಿ ಪ್ರಾಥಮಿಕದವರಿಗೆ ತಿಂಗಳಿಗೆ 7,500 ರೂಪಾಯಿಯಿಂದ 10,000 ರೂಪಾಯಿಗೆ ಏರಿತ್ತು. 2025ರ ಮಾರ್ಚ್ ತಿಂಗಳ ಆಯವ್ಯಯದಲ್ಲಿ ಮುಖ್ಯಮಂತ್ರಿಗಳು ಇನ್ನೂ 2,000 ರೂಪಾಯಿ ಸೇರಿಸಿದರು. ಹೀಗಾಗಿ ಪ್ರಾಥಮಿಕ ಶಾಲೆಯ ಅತಿಥಿಗೆ 12,000, ಪ್ರೌಢಶಾಲೆಯವರಿಗೆ 12,500 ರೂಪಾಯಿ. ಅದೂ ಹತ್ತು ತಿಂಗಳಿಗೆ ಮಾತ್ರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅತಿಥಿಗೆ ಹಸಿವಾಗುವುದಿಲ್ಲವೆಂದು ಇಲಾಖೆ ತಿಳಿದಿರಬೇಕು.

ಕನ್ನಡದ ಮೇಷ್ಟರಿಗೆ ಲೆಕ್ಕದ ಗೊಡವೆ ಯಾಕೆ ಎಂದು ನನ್ನ ಗಣಿತದ ಸಹೋದ್ಯೋಗಿಗಳು ನಗಬಹುದು. ಆದರೂ ಒಂದು ಲೆಕ್ಕವನ್ನು ಹಲಗೆಯ ಮೇಲೆ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿಗೆ ವರ್ಷಕ್ಕೆ ಸಿಗುವುದು 1,20,000 ರೂಪಾಯಿ. 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಉದ್ಯೋಗಖಾತ್ರಿ ಕೆಲಸಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ತಿಂಗಳಿಗೆ 26 ದಿನದಂತೆ ವರ್ಷವಿಡೀ ಆ ಕೂಲಿ ಸಿಕ್ಕಿತೆಂದು ಇಟ್ಟುಕೊಂಡರೆ 1,15,440 ರೂಪಾಯಿ ಆಗುತ್ತದೆ. (ಅಷ್ಟು ದಿನ ಕೆಲಸ ಸಿಗುತ್ತಿರಲಿಲ್ಲವೆಂಬುದು ನನಗೂ ಗೊತ್ತು; ನಾನು ಹೋಲಿಸುತ್ತಿರುವುದು ದುಡಿಮೆಗೆ ಕಟ್ಟಿದ ಬೆಲೆಯನ್ನು.) ಎರಡರ ನಡುವಿನ ವ್ಯತ್ಯಾಸ 4,560 ರೂಪಾಯಿ, ತಿಂಗಳಿಗೆ 380. ಎಸ್.ಎಸ್.ಎಲ್.ಸಿ., ಪಿ.ಯು.ಸಿ., ಪದವಿ, ಡಿ.ಎಡ್. ಅಥವಾ ಬಿ.ಎಡ್., ಇವಿಷ್ಟಕ್ಕೂ ಸೇರಿಸಿ ಕರ್ನಾಟಕ ಸರ್ಕಾರ ಕಟ್ಟಿರುವ ಬೆಲೆ ತಿಂಗಳಿಗೆ 380 ರೂಪಾಯಿ. ಕೆರೆಯ ಹೂಳೆತ್ತುವವರ ಕೂಲಿ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ, ಅವರದೂ ಕಡಿಮೆಯೇ. ಹೂಳೆತ್ತಿ ಮಗನನ್ನು ಓದಿಸಿದ ತಾಯಿಗೆ, ಓದಿದ ಮಗ ಅವಳಷ್ಟೇ ದುಡಿದು ತಂದರೆ, ಓದಿನ ಮೇಲೆ ಅವಳಿಗೆ ಯಾವ ನಂಬಿಕೆ ಉಳಿದೀತು ಎಂಬುದು ನನ್ನ ಪ್ರಶ್ನೆ.

ಇನ್ನು ಕೆಲಸದ ಮಾತು. ಅತಿಥಿ ಶಿಕ್ಷಕರು ಯಾರದೋ ಬದಲಿಗೆ ಬಂದು ಎರಡು ಪೀರಿಯಡ್ ಮುಗಿಸಿ ಹೋಗುವವರೆಂದು ನಗರದಲ್ಲಿರುವ ನನ್ನ ಅನೇಕ ಬಂಧುಗಳು ತಿಳಿದಿದ್ದಾರೆ. ನಾನು ಕಂಡ ಅತಿಥಿಗಳು ಪ್ರಾರ್ಥನೆಯ ಗಂಟೆಯಿಂದ ಬೀಗ ಹಾಕುವವರೆಗೆ ಇರುತ್ತಿದ್ದವರು. ಪಾಠಟಿಪ್ಪಣಿ ಬರೆಯುತ್ತಿದ್ದರು, ಉತ್ತರ ಪತ್ರಿಕೆ ತಿದ್ದುತ್ತಿದ್ದರು, ಅಂಕಗಳನ್ನು ಗಣಕಯಂತ್ರಕ್ಕೆ ತುಂಬುತ್ತಿದ್ದರು, ಬಿಸಿಯೂಟದ ಸಾಲಿನಲ್ಲಿ ನಿಂತು ಮಕ್ಕಳನ್ನು ಸರಿಪಡಿಸುತ್ತಿದ್ದರು. ನಾವು ಕಾಯಂ ಶಿಕ್ಷಕರು ಚುನಾವಣೆ, ತರಬೇತಿ, ಸಮೀಕ್ಷೆ, ಮೌಲ್ಯಮಾಪನ ಎಂದು ಹೋದ ದಿನಗಳಲ್ಲಿ ಶಾಲೆಯನ್ನು ಹಿಡಿದು ನಿಲ್ಲಿಸಿದವರೂ ಅವರೇ. ಅದೇ ಕೊಠಡಿಯಲ್ಲಿ, ಅದೇ ಸುಣ್ಣದಕಡ್ಡಿ ಹಿಡಿದು, ಅದೇ ಹತ್ತನೆಯ ತರಗತಿಗೆ ಪಾಠ ಹೇಳುವ ಕಾಯಂ ಸಹಶಿಕ್ಷಕನ ಆರಂಭದ ಮೂಲವೇತನ ಈಗ ಐವತ್ತು ಸಾವಿರ ದಾಟಿದೆ. ಅತಿಥಿಗೆ ಅದರ ಕಾಲುಭಾಗವೂ ಇಲ್ಲ.

ನಾನು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ (ಹೆಸರು ಬೇಡ) ಗಣಿತಕ್ಕೆ ಬಂದಿದ್ದ ಒಬ್ಬ ಹೆಣ್ಣುಮಗಳಿಗೆ ಜೂನ್‌ನಿಂದ ದೀಪಾವಳಿಯವರೆಗೆ ಒಂದು ಪೈಸೆ ಬಂದಿರಲಿಲ್ಲ. ಅನುದಾನ ಬಿಡುಗಡೆಯಾಗಿಲ್ಲ ಎಂಬ ಒಂದೇ ಉತ್ತರ. ದಿನವೂ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಮಧ್ಯಾಹ್ನ ಮಕ್ಕಳ ಜೊತೆಯಲ್ಲಿಯೇ ಊಟ. ಹಬ್ಬದ ಮುಂಚಿನ ದಿನ ನಾವು ಬಡ್ತಿಯ ಬಾಕಿ, ತುಟ್ಟಿಭತ್ಯೆಯ ಬಾಕಿ ಎಂದು ಸಿಬ್ಬಂದಿ ಕೊಠಡಿಯಲ್ಲಿ ಲೆಕ್ಕ ಹಾಕುತ್ತಿದ್ದರೆ ಅವರು ಎದ್ದು ತರಗತಿಗೆ ಹೋಗಿಬಿಡುತ್ತಿದ್ದರು. ಮುಂದಿನ ವರ್ಷ ಹೆರಿಗೆಗೆಂದು ಹೋದವರಿಗೆ ರಜೆಯೂ ಇಲ್ಲ, ಹಣವೂ ಇಲ್ಲ. ಅವರ ಜಾಗಕ್ಕೆ ಇನ್ನೊಬ್ಬರು ಬಂದರು. ಅಷ್ಟು ಸ್ಪಷ್ಟವಾಗಿ ಗಣಿತ ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದಾಗ ನನಗೆ ಮೊದಲು ನೆನಪಾದದ್ದು ಅವರೇ. ಆ ಯೋಜನೆಯನ್ನು ಗೇಲಿ ಮಾಡುವವರು ಬೆಳಗ್ಗೆ ಎಂಟರ ಬಸ್ಸಿನಲ್ಲಿ ಮಳವಳ್ಳಿಯಿಂದ ಹಲಗೂರಿನ ಕಡೆಗೋ ಬಿ.ಜಿ. ಪುರದ ಕಡೆಗೋ ಒಮ್ಮೆ ಪ್ರಯಾಣ ಮಾಡಿ, ಕೈಚೀಲದಲ್ಲಿ ಪಠ್ಯಪುಸ್ತಕ ಇಟ್ಟುಕೊಂಡು ನಿಂತಿರುವ ಹೆಣ್ಣುಮಕ್ಕಳನ್ನು ನೋಡಬೇಕು.

ಮಕ್ಕಳಿಗೆ ಇದೆಲ್ಲ ತಿಳಿಯುವುದಿಲ್ಲವೆಂದು ಭಾವಿಸಬೇಡಿ. ‘ಲೆಕ್ಕದ ಮೇಷ್ಟ್ರು ಯಾರಪ್ಪಾ ನಿಮಗೆ?’ ಎಂದು ಒಬ್ಬ ಹುಡುಗನನ್ನು ಕೇಳಿದೆ. ‘ಅವ್ರು ಗೆಸ್ಟು ಸಾ, ಮಾರ್ಚಿಗೆ ಹೊಂಟೋಯ್ತರೆ’ ಎಂದ. ಹೆಸರನ್ನು ಹೇಳಲಿಲ್ಲ, ಸ್ಥಾನವನ್ನು ಹೇಳಿದ. ಊರಿನ ಪಟೇಲನ ಮೊಮ್ಮಗ ತಡವಾಗಿ ಬಂದರೆ ಗದರಿಸುವ ಧೈರ್ಯ, ಆಡಳಿತ ಸಮಿತಿಯ ಸದಸ್ಯ ಬಿಸಿಯೂಟದ ಅಕ್ಕಿಯ ಬಗ್ಗೆ ಕೊಂಕು ಮಾತನಾಡಿದರೆ ತಿರುಗಿ ಹೇಳುವ ಧೈರ್ಯ ನನಗಿತ್ತು. ಅದು ನನ್ನ ಶೌರ್ಯವಲ್ಲ. ನನ್ನ ಹುದ್ದೆ ಖಾಯಂ ಆಗಿತ್ತು, ಅಷ್ಟೆ. ಬರುವ ಜೂನ್‌ನಲ್ಲಿ ಅದೇ ಸಮಿತಿಯ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾದವನಿಂದ ಆ ಧೈರ್ಯವನ್ನು ಯಾವ ಬಾಯಿಯಿಂದ ನಿರೀಕ್ಷಿಸೋಣ?

ನಮ್ಮ ಜಿಲ್ಲೆಯವರಿಗೆ ಒಂದು ಮಾತು ಬೇಗ ಅರ್ಥವಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟರೆ ಮೇಲಿನವರ ಗದ್ದೆ ತುಂಬಿ, ಕೊನೆಯ ಭಾಗದ ಮದ್ದೂರು, ಮಳವಳ್ಳಿ ಊರುಗಳಿಗೆ ತಲುಪುವುದೋ ಇಲ್ಲವೋ ಎಂಬ ಸ್ಥಿತಿ ಎಷ್ಟೋ ಬೇಸಿಗೆಗಳಲ್ಲಿ ಬಂದಿದೆ. ಶಿಕ್ಷಕರ ಹಂಚಿಕೆಯೂ ಹಾಗೆಯೇ. ವರ್ಗಾವಣೆಯ ಕೌನ್ಸೆಲಿಂಗ್ ನಡೆದಾಗಲೆಲ್ಲ ಮಂಡ್ಯ ಪಟ್ಟಣ, ಬೆಂಗಳೂರು–ಮೈಸೂರು ಹೆದ್ದಾರಿಯ ಆಸುಪಾಸಿನ ಶಾಲೆಗಳು ಮೊದಲು ತುಂಬುತ್ತವೆ. ಬಸ್ಸು ದಿನಕ್ಕೆ ಎರಡು ಸಲ ಬರುವ ಊರಿನ ಶಾಲೆ ಕೊನೆಗೆ ಉಳಿಯುತ್ತದೆ. ಅಲ್ಲಿ ಅತಿಥಿಗಳೇ ಮನೆಯವರು. ಒಂದೇ ಮಗು ಎಂಟು, ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಮೂರು ಬೇರೆ ಬೇರೆ ಗಣಿತ ಶಿಕ್ಷಕರನ್ನು ಕಂಡದ್ದನ್ನು ನಾನು ನೋಡಿದ್ದೇನೆ. ಬಳಿಕ ಫಲಿತಾಂಶ ಬಂದಾಗ ಎಲ್ಲರೂ ಬೆಚ್ಚಿಬೀಳುತ್ತಾರೆ. 2024ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಕ್ಯಾಮೆರಾ ಕಣ್ಗಾವಲಿನಲ್ಲಿ ನಡೆಸಿ, ಕೃಪಾಂಕ ಹೆಚ್ಚಿಸಿಯೂ ಬಂದದ್ದು ಶೇ. 73.40. 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34. ಕ್ಯಾಮೆರಾ ತರಿಸಲು ಸರ್ಕಾರಕ್ಕೆ ಸಮಯವಿತ್ತು. ಆ ಕ್ಯಾಮೆರಾದ ಮುಂದೆ ಕುಳಿತ ಮಗುವಿಗೆ ವರ್ಷವಿಡೀ ಒಬ್ಬ ಶಿಕ್ಷಕನನ್ನು ಕೊಡಲು ಮಾತ್ರ ಸಮಯ ಸಾಲದು.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೆಯ ಪ್ರಕರಣದಂತೆ ಸರ್ಕಾರಿ ಶಾಲೆಯೊಂದರಲ್ಲಿ ಖಾಲಿ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ. 10ನ್ನು ಮೀರಬಾರದು. ಆರು ಹುದ್ದೆಗಳ ಶಾಲೆಯಲ್ಲಿ ಶೇ. 10 ಎಂದರೆ ಮುಕ್ಕಾಲು ಮೇಷ್ಟರೂ ಆಗುವುದಿಲ್ಲ! ಅಂದರೆ ನಮ್ಮ ಹಳ್ಳಿಗಳ ಇಂಥ ಚಿಕ್ಕ ಶಾಲೆಯಲ್ಲಿ ಒಂದೇ ಒಂದು ಹುದ್ದೆ ಖಾಲಿ ಉಳಿದರೂ ಅದು ಕಾಯ್ದೆಯ ಉಲ್ಲಂಘನೆ. ಅತಿಥಿಯನ್ನು ತೆಗೆದುಕೊಳ್ಳುವುದೇ ಖಾಲಿ ಹುದ್ದೆಗೆ ಎದುರಾಗಿ. ಆದ್ದರಿಂದ ಅತಿಥಿ ಶಿಕ್ಷಕರ ಆದೇಶವೆಂದರೆ ಕಾಯ್ದೆಯನ್ನು ಮುರಿದಿದ್ದೇವೆಂದು ಸರ್ಕಾರ ತಾನೇ ಅಂಕಿಸಂಖ್ಯೆ ಸಮೇತ ಬರೆದುಕೊಟ್ಟ ತಪ್ಪೊಪ್ಪಿಗೆ. ಆ ಕಾಯ್ದೆ ಎಂಟನೆಯ ತರಗತಿಯವರೆಗೆ ಮಾತ್ರ ಅನ್ವಯವಾಗುತ್ತದೆ ಎನ್ನುವಿರಾ? 40,000 ಹುದ್ದೆಗಳು ಇರುವುದು ಅಲ್ಲಿಯೇ.

ನ್ಯಾಯಾಲಯಗಳ ಮಾತು ಒಂದೇ ದಿಕ್ಕಿನಲ್ಲಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹಂಗಾಮಿ ನೌಕರರನ್ನು ಹಿಂಬಾಗಿಲಿನಿಂದ ಖಾಯಂ ಮಾಡಬಾರದೆಂಬ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ 2006ರ ತೀರ್ಪು ಬಂದದ್ದು ನಮ್ಮ ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ. ಅಂದಿನಿಂದ ಎಲ್ಲ ಸರ್ಕಾರಗಳಿಗೂ ಅದೊಂದು ಗುರಾಣಿ. 2016ರಲ್ಲಿ ಪಂಜಾಬಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಖಾಯಂ ನೌಕರನ ಕೆಲಸವನ್ನೇ ಮಾಡುವ ಹಂಗಾಮಿಗೆ ವೇತನಶ್ರೇಣಿಯ ಕನಿಷ್ಠ ಮೊತ್ತವಾದರೂ ಸಲ್ಲಬೇಕೆಂದಿತು. 2019ರಲ್ಲಿ ಬಿಹಾರದ ಲಕ್ಷಾಂತರ ಗುತ್ತಿಗೆ ಶಿಕ್ಷಕರು ಇದೇ ಸಮಾನ ವೇತನ ಕೇಳಿದಾಗ ಒಪ್ಪಲಿಲ್ಲ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ಮತ್ತೆ ಅವರ ಪರವಾಗಿ ತೀರ್ಪಿತ್ತು, ಗುರುವನ್ನು ಬ್ರಹ್ಮ, ವಿಷ್ಣು, ಮಹೇಶ್ವರನೆನ್ನುವ ಶ್ಲೋಕವನ್ನು ಸಭೆ ಸಮಾರಂಭಗಳಲ್ಲಿ ಹೇಳಿದರೆ ಸಾಲದು, ಅದು ಶಿಕ್ಷಕರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು ಎಂದಿತು. ಸೆಪ್ಟೆಂಬರ್ 5ರಂದು ವೇದಿಕೆಯ ಮೇಲೆ ಆ ಶ್ಲೋಕ ಹೇಳಿಸಿ, ಹಾರ ಹಾಕಿಸಿಕೊಂಡು ಬಂದ ನಮ್ಮಂಥವರಿಗೂ ಆ ಮಾತು ತಾಗಬೇಕು. ವೇದಿಕೆಯ ಹಿಂದೆ ಕುರ್ಚಿ ಜೋಡಿಸಿ, ಮಕ್ಕಳಿಗೆ ಆ ಶ್ಲೋಕ ಕಲಿಸಿದವರು ಎಷ್ಟೋ ಕಡೆ ಅತಿಥಿ ಶಿಕ್ಷಕಿಯರೇ.

‘ಸರ್ಕಾರದ ಬಳಿ ಹಣವಿಲ್ಲ’ ಎಂಬುದು ನಾನು ಹೆಚ್ಚು ಕೇಳಿದ ಉತ್ತರ. 40,000 ಮಂದಿಗೆ 12,000ದಂತೆ, 11,000 ಮಂದಿಗೆ 12,500ರಂತೆ ಹತ್ತು ತಿಂಗಳಿಗೆ ಒಟ್ಟು ಸುಮಾರು 617 ಕೋಟಿ ರೂಪಾಯಿ. 2025–26ರ ರಾಜ್ಯದ ಆಯವ್ಯಯದ ಗಾತ್ರ 4,09,549 ಕೋಟಿ. ನೂರು ರೂಪಾಯಿಯಲ್ಲಿ ಹದಿನೈದು ಪೈಸೆ! ಹದಿನೈದು ಪೈಸೆಗೆ ಐವತ್ತೊಂದು ಸಾವಿರ ಶಿಕ್ಷಕರನ್ನು ಕೊಂಡ ಸರ್ಕಾರ ಬಡ ಸರ್ಕಾರವಲ್ಲ, ಚೌಕಾಸಿಯಲ್ಲಿ ಬಹಳ ಜಾಣ ಸರ್ಕಾರ. ಇನ್ನೊಂದನ್ನು ನೋಡಿ. ಕೆ. ಸುಧಾಕರ್ ರಾವ್ ಅವರ ಏಳನೆಯ ವೇತನ ಆಯೋಗದ ಶಿಫಾರಸಿನಂತೆ, ಸರ್ಕಾರಿ ಸೇವೆಯ ಅತ್ಯಂತ ಕೆಳಗಿನ ಹುದ್ದೆಗೂ ಕನಿಷ್ಠ ಮೂಲವೇತನ 27,000 ರೂಪಾಯಿ ಇರಬೇಕೆಂದು ಒಪ್ಪಿ ಸರ್ಕಾರವೇ 2024ರ ಆಗಸ್ಟ್ 1ರಿಂದ ಜಾರಿಗೆ ತಂದಿದೆ. ಒಂದು ಸಂಸಾರ ಮಾನವಾಗಿ ಬದುಕಲು ಅಷ್ಟಾದರೂ ಬೇಕೆಂಬುದು ಸರ್ಕಾರದ್ದೇ ಲೆಕ್ಕ. ಅದೇ 27,000ವನ್ನು 51,000 ಅತಿಥಿಗಳಿಗೆ ಹನ್ನೆರಡು ತಿಂಗಳೂ ಕೊಟ್ಟರೆ 1,652 ಕೋಟಿ ಆಗುತ್ತದೆ. ನೂರು ರೂಪಾಯಿಯಲ್ಲಿ ನಲವತ್ತು ಪೈಸೆ. ಈ ಇಪ್ಪತ್ತೈದು ಪೈಸೆಯ ವ್ಯತ್ಯಾಸವನ್ನು ಕೊಡಲಾಗದು ಎನ್ನುವವರು ಹಣದ ಮಾತು ಬಿಟ್ಟು ಮನಸ್ಸಿನ ಮಾತನ್ನೇ ಆಡಲಿ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಒಮ್ಮೆ, ‘ಇಷ್ಟವಿಲ್ಲದಿದ್ದರೆ ಬಿಟ್ಟುಹೋಗಲಿ ಮಾವ, ಯಾರೂ ಕಟ್ಟಿಹಾಕಿಲ್ಲವಲ್ಲ’ ಎಂದ. ಬುದ್ಧಿವಂತ ಹುಡುಗ, ನನ್ನ ಮೇಲೆ ಪ್ರೀತಿಯೂ ಇದೆ. ಬಿಟ್ಟುಹೋಗಲಿ ಎಂಬುದು ಅವನ ಕಂಪನಿಗೆ ಒಪ್ಪುವ ಮಾತು. ಅಲ್ಲಿಂದ ಹೋದವರಿಗೆ ಎದುರಿನ ಕಟ್ಟಡದಲ್ಲಿ ಇನ್ನೊಂದು ಕೆಲಸವುಂಟು. ಬಿ.ಎಡ್. ಮಾಡಿ ನೇಮಕಾತಿಯ ಪ್ರಕಟಣೆಗಾಗಿ ವರ್ಷಗಟ್ಟಲೆ ಕಾಯುತ್ತ, ವಯೋಮಿತಿ ಮೀರುವ ಭಯದಲ್ಲಿರುವವರಿಗೆ ಎದುರಿನ ಕಟ್ಟಡ ಯಾವುದು? ಊರಿನ ಕಾನ್ವೆಂಟಿನಲ್ಲಿ ಕೆಲವೆಡೆ ಇದಕ್ಕಿಂತಲೂ ಕಡಿಮೆ ಕೊಡುತ್ತಾರೆ, ನಿಜ. ಖಾಸಗಿಯವನು ಕಡಿಮೆ ಕೊಡುವುದನ್ನು ಸರ್ಕಾರ ತನಗೆ ಮಾದರಿಯೆಂದು ತೋರಿಸುವ ಕಾಲ ಬಂತೇ! ಇನ್ನು, ಖಾಯಂ ಮೇಷ್ಟರುಗಳು ದೊಡ್ಡ ಸಂಬಳ ತೆಗೆದುಕೊಂಡು ಏನು ಕಡಿದು ಹಾಕಿದ್ದಾರೆ ಎನ್ನುವವರಿಗೆ: ಕೆಲಸಗಳ್ಳರು ನಮ್ಮಲ್ಲಿಯೂ ಇದ್ದರು, ಅವರನ್ನು ಹಿಡಿಯಿರಿ. ಒಬ್ಬನ ಸೋಮಾರಿತನಕ್ಕೆ ಇನ್ನೊಬ್ಬನ ಅನ್ನ ಕಡಿತ ಮಾಡುವುದು ಯಾವ ನ್ಯಾಯ?

ನಮ್ಮವರನ್ನೂ ಬಿಡಲಾರೆ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರ ಹೂಡಿದರು, ಅಂದೇ ಶೇ. 17ರ ಮಧ್ಯಂತರ ಪರಿಹಾರ ಸಿಕ್ಕಿತು. ಶಾಲೆಗಳಿಗೆ ಬೀಗ ಬಿದ್ದರೆ ಸರ್ಕಾರ ಎಷ್ಟು ಬೇಗ ಕಿವಿಗೊಡುತ್ತದೆಂದು ಆ ದಿನ ತೋರಿಸಿತು. ಆದರೆ ಆ ಶೇ. 17ರಲ್ಲಿ ಪಕ್ಕದ ಕುರ್ಚಿಯ ಅತಿಥಿಗೆ ಒಂದು ರೂಪಾಯಿಯೂ ಇರಲಿಲ್ಲ. ನಿವೃತ್ತರಾದ ನಮಗೆ ಪಿಂಚಣಿ ಪರಿಷ್ಕರಣೆಯಾಯಿತು, 2006ರ ಏಪ್ರಿಲ್‌ನ ನಂತರ ಸೇರಿದವರು ಹಳೆಯ ಪಿಂಚಣಿಗಾಗಿ ಹೋರಾಡುತ್ತಿದ್ದಾರೆ. ನ್ಯಾಯವಾದ ಹೋರಾಟ, ನನ್ನ ಬೆಂಬಲವಿದೆ. ಆದರೆ ಅದೇ ಹಾಜರಿ ಪುಸ್ತಕದ ಕೊನೆಯ ಸಾಲಿನಲ್ಲಿ ಸಹಿ ಮಾಡುವವನಿಗೆ ಇಂದಿನ ಸಂಬಳವೇ ಇಲ್ಲದಿರುವಾಗ, ನಾಳಿನ ಪಿಂಚಣಿಯ ಬೇಡಿಕೆಗಳ ನಡುವೆ ಅವನ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಲು ನಮಗೇನು ಕಷ್ಟ?

ಇದೆಲ್ಲ ಆಗದ ಮಾತು ಎನ್ನಬೇಡಿ. ಇದೇ ರಾಜ್ಯದಲ್ಲಿ ಆಗಿದೆ. 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿದ್ದ ಎಚ್.ಜಿ. ಗೋವಿಂದೇಗೌಡರನ್ನು ಹಳೆಯ ಶಿಕ್ಷಕರು ಈಗಲೂ ನೆನೆಯುವುದೇಕೆ? ಲಕ್ಷದಷ್ಟು ಶಿಕ್ಷಕರನ್ನು ಅಂಕಗಳ ಆಧಾರದ ಮೇಲೆ, ಲಂಚ ವಶೀಲಿಗಳಿಗೆ ಎಡೆಗೊಡದೆ ನೇಮಿಸಿದರೆಂದು. ಆಗ ಆಯವ್ಯಯ ಇಷ್ಟು ದೊಡ್ಡದಿರಲಿಲ್ಲ, ಗಣಕಯಂತ್ರವೂ ಇಷ್ಟಿರಲಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿಗೆ ಅಕ್ಷರ ತಿದ್ದಿಸಿದವರು ಆಗ ನೇಮಕವಾದವರೇ. ಅದಕ್ಕೆ ಹೋಲಿಸಿ: 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಕ್ಕಳ ಜಾತಿ, ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿರಬೇಕೋ ಗಂಡನ ಹೆಸರಿನಲ್ಲಿರಬೇಕೋ ಎಂಬ ವಿವಾದ ಹೈಕೋರ್ಟಿನ ಮೆಟ್ಟಿಲೇರಿತು, ಆಯ್ಕೆಯಾದವರು ಶಾಲೆ ತಲುಪಲು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಆ ಅವಧಿಯಲ್ಲಿ ತರಗತಿಗಳನ್ನು ನಡೆಸಿದವರು ಯಾರೆಂದು ಹೇಳಬೇಕೇ?

ನನ್ನ ಬೇಡಿಕೆ ದೊಡ್ಡದಲ್ಲ. ಎಲ್ಲರನ್ನೂ ಪರೀಕ್ಷೆಯಿಲ್ಲದೆ ಖಾಯಂ ಮಾಡಿ ಎಂದು ನಾನು ಕೇಳುವುದಿಲ್ಲ. ಯೋಗ್ಯತೆಯ ಪರೀಕ್ಷೆ ಇರಬೇಕು, ಆದರೆ ಅದು ನಡೆಯಬೇಕು. ನಿವೃತ್ತಿಯ ದಿನಾಂಕಗಳು ಇಲಾಖೆಯ ಪುಸ್ತಕದಲ್ಲಿ ನಾವು ಸೇವೆಗೆ ಸೇರಿದ ದಿನವೇ ದಾಖಲಾಗಿರುತ್ತವೆ, ಯಾವ ವರ್ಷ ಎಷ್ಟು ಹುದ್ದೆ ಖಾಲಿಯಾಗುವುದೆಂದು ತಿಳಿಯಲು ಜ್ಯೋತಿಷಿ ಬೇಕಾಗಿಲ್ಲ. ಆ ನೇಮಕಾತಿ ಆಗುವವರೆಗೆ 27,000 ರೂಪಾಯಿ, ಹನ್ನೆರಡು ತಿಂಗಳು, ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿನ ಖಾತೆಗೆ, ಹೆರಿಗೆಗೆ ರಜೆ, ಆದೇಶದಲ್ಲಿ ‘ಅತಿಥಿ’ ಎಂಬ ಪದಕ್ಕೆ ಬದಲಾಗಿ ‘ಶಿಕ್ಷಕ’ ಎಂಬ ಪದ.

ನಿಮ್ಮಲ್ಲಿ ಕೆಲವರು ಇಂದು ತಾಲ್ಲೂಕು ಕಚೇರಿಗಳಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ, ವಿಧಾನಸೌಧದ ಕೊಠಡಿಗಳಲ್ಲಿ ಕುಳಿತಿದ್ದೀರಿ. ಕೆಲವರು ನಿಮ್ಮ ಊರಿನ ಶಾಲೆಯ ಆಡಳಿತ ಸಮಿತಿಯಲ್ಲಿದ್ದೀರಿ. ಈ ಬಾರಿ ಹಬ್ಬಕ್ಕೆ ಊರಿಗೆ ಬಂದಾಗ ಶಾಲೆಗೆ ಹೋಗಿ ಮೂರು ಪ್ರಶ್ನೆ ಕೇಳಿ: ಮಂಜೂರಾದ ಹುದ್ದೆಗಳೆಷ್ಟು? ಅವುಗಳಲ್ಲಿ ಅತಿಥಿಗಳೆಷ್ಟು? ಅವರಿಗೆ ಕೊನೆಯ ಸಲ ಹಣ ಬಂದ ತಿಂಗಳು ಯಾವುದು? ಉತ್ತರವನ್ನು ಊರಿನ ಹೆಸರಿನೊಂದಿಗೆ ನನಗೆ ಬರೆದು ಕಳಿಸಿ. ಮೂರೂ ತಾಲ್ಲೂಕುಗಳ ಪಟ್ಟಿ ಮಾಡಿಕೊಂಡು ನಮ್ಮ ಶಾಸಕರುಗಳ ಮನೆ ಬಾಗಿಲಿಗೆ ನಾನೇ ಹೋಗುತ್ತೇನೆ. ಜೊತೆಗೆ ಬರುವವರು ಮುಂಚಿತವಾಗಿ ತಿಳಿಸಿ.